ಶುಂಠಿ ಸಿಪ್ಪೆಯ ಗುಳ್ಳೆ
ಬಿಸಿಲೇರಿತೆಂದರೆ ನಮ್ಮ ಕೈ ತಾನಾಗಿ ಅಂಗಡಿಯ ಫ್ರಿಜ್ಜಿನ ಬಾಗಿಲಿಗೆ ಹೋಗುತ್ತದೆ. ಬಾಟಲಿಯ ಹಿಂದಿನ ಸಣ್ಣಕ್ಷರ ಓದುವವರು ಯಾರು? ಓದಿದರೆ 100 ಮಿ.ಲೀ. ಕೋಲಾದಲ್ಲಿ ಸಕ್ಕರೆ 10 ಗ್ರಾಂ ಆಸುಪಾಸು, 300 ಮಿ.ಲೀ.ಗೆ ಆರು ಚಮಚ! ಕಾಫಿಗೆ ಅಷ್ಟು ಸುರಿದು ಕೊಟ್ಟರೆ ಲೋಟ ಅಲ್ಲೇ ಇಟ್ಟು ಎದ್ದೇವು. ಮೂಗಿಗೇರುವ ಆ ಚುರುಕಿಗಷ್ಟೇ ನಾವು ಮರುಳು, ಅದನ್ನು ಅಡುಗೆಮನೆಯ ಶುಂಠಿಯೂ ಕೊಡುತ್ತದೆ. ಸಿಪ್ಪೆ ಸಮೇತ ತುರಿದ ಶುಂಠಿ, ಎರಡು ಚಮಚ ಸಕ್ಕರೆ, ಕಾಯಿಸಿ ಆರಿಸಿದ ನೀರು ಭರಣಿಗೆ ಹಾಕಿ ಬಟ್ಟೆ ಕಟ್ಟಿ. ದಿನಾ ಒಂದಿಷ್ಟು ಶುಂಠಿ, ಸಕ್ಕರೆ ಉಣಿಸುತ್ತಿದ್ದರೆ ನಾಲ್ಕೈದು ದಿನಕ್ಕೆ ಭರಣಿ ಸಣ್ಣಗೆ ಚುಸ್‌ಗುಟ್ಟತೊಡಗುತ್ತದೆ. ಸಿಪ್ಪೆಯಲ್ಲಿರುವ ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುವ ಸದ್ದದು. ದೋಸೆ ಹಿಟ್ಟು ಉಬ್ಬುವುದರ ಹತ್ತಿರದ ನಂಟು. ಸೋಸಿದ ಆ ನೀರನ್ನು ತೆಳುವಾಗಿ ಸಿಹಿ ಮಾಡಿದ ಪುನರ್ಪುಳಿ ಶರಬತ್ತಿಗೆ ಅರ್ಧ ಲೋಟ ಬೆರೆಸಿ, ಬಾಟಲಿ ಬಿಗಿದು, ಒಂದು ದಿನ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಿದರಾಯಿತು. ಗಾಜಿನ ಬಾಟಲಿ ಮಾತ್ರ ಬೇಡ, ಪ್ಲಾಸ್ಟಿಕ್ಕಿನದಾದರೆ ಒತ್ತಿ ನೋಡಿ ಗಾಳಿ ತುಂಬಿದ್ದು ತಿಳಿಯಬಹುದು. ಇದನ್ನು ಹೇಳುವ ಹಕ್ಕು ನನಗಿದೆ: ಹೋದ ಏಪ್ರಿಲ್‌ನಲ್ಲಿ ಬಾಟಲಿಯನ್ನು ಮೂರು ದಿನ ಮರೆತಿದ್ದೆ, ಮುಚ್ಚಳ ತಿರುಗಿಸಿದ್ದೇ ತಡ ಅದು ಸೂರಿಗೆ ಬಡಿಯಿತು. ಪುನರ್ಪುಳಿಯ ಕೆಂಪು ಚುಕ್ಕೆಗಳು ಇನ್ನೂ ಅಲ್ಲೇ ಇವೆ.