ಇನ್ನೂರು ರೂಪಾಯಿಗೆ ಮಾರಿದ ಹಕ್ಕು

ಮೂಟೆಗೆ ಮುಂಗಡ ಇಸಿದುಕೊಂಡ ರೈತ ಅರಿಶಿನ ಮಾರಿದೆ ಅಂದುಕೊಂಡು ಮನೆಗೆ ಹೋಗುತ್ತಾನೆ. ಅರಿಶಿನ ಇನ್ನೂ ಅವನ ಮನೆಯಲ್ಲೇ ಇರುತ್ತದೆ. ಆ ದಿನ ಕೈಬಿಟ್ಟು ಹೋದದ್ದು ಒಂದು ಹಕ್ಕು. ಅದಕ್ಕೂ ಬೆಲೆ ಉಂಟು ಅಂತ ಅವನಿಗೆ ಯಾರೂ ಹೇಳಿಲ್ಲ.

ನಾನು ಪಾಪಿರೆಡ್ಡಿಪಟ್ಟಿ ಕಡೆಯ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತಮಿಳು. ನಮ್ಮಲ್ಲಿ ಮಾಸಿ, ಪಂಗುನಿ ತಿಂಗಳಲ್ಲಿ ಅರಿಶಿನ ಬೇಯಿಸಿ, ಒಣಗಿಸಿ ಮೂಟೆ ಕಟ್ಟುತ್ತಾರೆ. ಸೇಲಂನ ಲೀ ಬಜಾರಿಗೋ ಈರೋಡಿಗೋ ಹಾಕಿಸಿಕೊಂಡು ಹೋಗಲು ಲಾರಿ ಬಾಡಿಗೆ ಹೊಂದಿಸಲಾಗದವರ ಮನೆ ಬಾಗಿಲಿಗೆ ವ್ಯಾಪಾರಿಯೇ ಬರುತ್ತಾನೆ. ಲೆಕ್ಕಕ್ಕೆ ಸುಲಭವಾಗಲಿ, ಕ್ವಿಂಟಲಿಗೆ 12,000 ರೂಪಾಯಿ ಅಂತ ಮಾತಾಯಿತು ಅನ್ನಿ. ಆಡಿ ತಿಂಗಳಲ್ಲಿ ಎತ್ತಿಕೊಳ್ಳುತ್ತೇನೆ ಎಂದು ಕ್ವಿಂಟಲಿಗೆ 200 ರೂಪಾಯಿ ಕೈಗಿಟ್ಟ. ಆಡಿಯಲ್ಲಿ ದರ ಏರಿದ್ದರೆ ಅವನು ಬೆಳಗ್ಗೆಯೇ ಲಾರಿ ಸಮೇತ ಹಾಜರು. ಇಳಿದಿದ್ದರೆ ಫೋನ್ ಎತ್ತುವುದಿಲ್ಲ. ಎತ್ತಿದರೂ ತೇವ ಜಾಸ್ತಿ, ಕೊಂಬು ಸಣ್ಣ ಎಂದು ದರ ಕೊಯ್ಯುತ್ತಾನೆ. ಕೊಳ್ಳಬಹುದು, ಬಿಡಲೂಬಹುದು. ಷೇರುಪೇಟೆಯಲ್ಲಿ ಇದಕ್ಕೆ ಕಾಲ್ ಆಪ್ಷನ್ ಎನ್ನುತ್ತಾರೆ.

ಇಂಥ ಹಕ್ಕಿಗೆ ನ್ಯಾಯವಾದ ಬೆಲೆ ಎಷ್ಟು? 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಅದಕ್ಕೊಂದು ಸೂತ್ರ ಕೊಟ್ಟರು. ಅದೇ ವರ್ಷ ರಾಬರ್ಟ್ ಮರ್ಟನ್ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಆ ಸೂತ್ರದ ಕಲನಶಾಸ್ತ್ರ ನನ್ನ ವಿದ್ಯಾರ್ಥಿಗಳ ಮಟ್ಟ ಮೀರಿದ್ದು. ಆದರೆ 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಎಂಬ ಮೂವರು ಅದನ್ನೇ ಕೂಡುವ, ಕಳೆಯುವ ಲೆಕ್ಕಕ್ಕೆ ಇಳಿಸಿದರು. ಅದನ್ನು ಇಲ್ಲೇ ಮಾಡಿ ನೋಡೋಣ.

ಆಡಿಯ ಹೊತ್ತಿಗೆ ದರ ಒಂದೋ 15,000, ಇಲ್ಲವೇ 9,000 ಆಗುತ್ತದೆ ಎಂದಿಟ್ಟುಕೊಳ್ಳಿ. ಏರಿದರೆ ವ್ಯಾಪಾರಿಗೆ 3,000 ಲಾಭ, ಇಳಿದರೆ ಸೊನ್ನೆ. ಹಕ್ಕು ಕೊಟ್ಟವನು ಅದಕ್ಕೆ ಎದುರಾಗಿ ಅರ್ಧ ಕ್ವಿಂಟಲ್ ಅರಿಶಿನ ಇಟ್ಟುಕೊಂಡ. ದರ ಏರಿದರೆ ಆ ಅರ್ಧ ಕ್ವಿಂಟಲಿಗೆ 7,500. ಅದರಲ್ಲಿ ವ್ಯಾಪಾರಿಯ 3,000 ಕಳೆದರೆ 4,500. ದರ ಇಳಿದರೆ ವ್ಯಾಪಾರಿ ಬರುವುದಿಲ್ಲ. ಅರ್ಧ ಕ್ವಿಂಟಲಿನ ಬೆಲೆ ಆಗಲೂ 4,500. ಏರಲಿ ಇಳಿಯಲಿ, ಕೈಯಲ್ಲಿ ಉಳಿಯುವುದು ಅಷ್ಟೇ. ಇವತ್ತು ಅದೇ ಅರ್ಧ ಕ್ವಿಂಟಲಿನ ಬೆಲೆ 6,000. ಕಡಿಮೆ ಬಿದ್ದ 1,500 ಮುಂಗಡದಿಂದಲೇ ಬರಬೇಕು. ಬಡ್ಡಿ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು.

ದರ ಏರುವ ಸಂಭವ ಎಷ್ಟು ಎಂದು ನಾನು ಎಲ್ಲೂ ಕೇಳಲಿಲ್ಲ, ಗಮನಿಸಿದಿರಾ? ಈ ಗಣಿತದ ಸೊಗಸೇ ಅದು. ಜ್ಯೋತಿಷ್ಯ ಬೇಡ, ದರ ಎಷ್ಟು ಅಗಲಕ್ಕೆ ಓಲಾಡುತ್ತದೆ ಎಂದು ಗೊತ್ತಿದ್ದರೆ ಸಾಕು. ಹೆಚ್ಚು ಓಲಾಡುವ ಸರಕಿನ ಮೇಲಿನ ಹಕ್ಕು ಹೆಚ್ಚು ದುಬಾರಿ. ಅರಿಶಿನದ ದರದ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭತ್ತದಂತೆ ಅದಕ್ಕೆ ಕನಿಷ್ಠ ಬೆಂಬಲ ಬೆಲೆಯೂ ಇಲ್ಲ.

ವ್ಯಾಪಾರಿಗಳೂ ನನ್ನ ಹಳೆಯ ವಿದ್ಯಾರ್ಥಿಗಳೇ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ: ಮಗಳ ಮದುವೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟವರು ನಾವು, ನಿಮ್ಮ ಸೂತ್ರ ಮುಂಬೈಗೆ ಸರಿ, ಇಲ್ಲಿ ಹಮಾಲಿ, ತೂಕ, ಕಮಿಷನ್ ಎಲ್ಲಾ ಇದೆ ಎನ್ನುತ್ತಾರೆ. ಸೂತ್ರ ಎಡವುವುದೂ ನಿಜ. ಶೋಲ್ಸ್, ಮರ್ಟನ್ ಇಬ್ಬರೂ 1997ರಲ್ಲಿ ನೊಬೆಲ್ ಪಡೆದರು. ಅವರು ಪಾಲುದಾರರಾಗಿದ್ದ ಹೂಡಿಕೆ ನಿಧಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಮರುವರ್ಷವೇ ಕುಸಿದು, ಬೇರೆ ಸಂಸ್ಥೆಗಳು ಸೇರಿ 360 ಕೋಟಿ ಡಾಲರ್ ಸುರಿಯಬೇಕಾಯಿತು. ಹಾಗಾಗಿ ಲೆಕ್ಕ ಐನೂರು ರೂಪಾಯಿ ಆಚೀಚೆ ಆಗಲಿ, ಒಪ್ಪುತ್ತೇನೆ. 200 ಎಲ್ಲಿ, 1,500 ಎಲ್ಲಿ? ಆ ಅಂತರವನ್ನು ಹಮಾಲಿ ಕೂಲಿಯ ಮೇಲೆ ಹಾಕಲಾಗದು.

ಬ್ಲ್ಯಾಕ್ ಮತ್ತು ಶೋಲ್ಸ್ ಆ ಸೂತ್ರ ಕೊಟ್ಟ ಲೇಖನದಲ್ಲೇ ಇನ್ನೊಂದು ಮಾತು ಹೇಳಿದ್ದರು, ಅದು ಕಬ್ಬಿನವರಿಗೆ ತಾಕುತ್ತದೆ. ಸಾಲ ಮಾಡಿದ ಕಂಪನಿಯ ಷೇರು ಕೂಡ ಒಂದು ಆಪ್ಷನ್ನೇ: ಕಂಪನಿ ಬೆಳೆದರೆ ಸಾಲ ತೀರಿಸಿ ಮಿಕ್ಕದ್ದೆಲ್ಲ ಮಾಲೀಕರಿಗೆ, ಮುಳುಗಿದರೆ ಕೈತೊಳೆದುಕೊಂಡು ಎದ್ದುಹೋಗಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಸಕ್ಕರೆ ಕಾರ್ಖಾನೆಯಿಂದ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಕಾಯುತ್ತಾ ಕೂತ ರೈತ ಸಹಿ ಹಾಕದೆಯೇ ಕಾರ್ಖಾನೆಗೆ ಸಾಲ ಕೊಟ್ಟವನಾಗುತ್ತಾನೆ. ಕೈತೊಳೆದುಕೊಳ್ಳುವ ಹಕ್ಕು ಮಾತ್ರ ಅವನಿಗಿಲ್ಲ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಅಪ್ಪ ಇನ್ನೂರಕ್ಕೆ ಹಕ್ಕು ಮಾರಿದ ಮನೆಯಲ್ಲೇ ಮಗ ಫೋನಿನಲ್ಲಿ ನಿಫ್ಟಿಯ ವಾರದ ಆಪ್ಷನ್ ಕೊಳ್ಳುತ್ತಾ ಕೂತಿರುತ್ತಾನೆ. ಬೊಮ್ಮಿಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವ ಹುಡುಗರ ಮಾತೂ ಇದೇ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದಂತೆ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಮಿಕ್ಕ ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಎದುರು ಕಡೆಯಲ್ಲಿ ಗೆದ್ದ ದೊಡ್ಡ ಸಂಸ್ಥೆಗಳ ಲಾಭ ಬಹುಪಾಲು ಬಂದದ್ದು ಕಂಪ್ಯೂಟರ್ ತಾನೇ ನಡೆಸುವ ವ್ಯವಹಾರದಿಂದ. ಆ ಕಂಪ್ಯೂಟರುಗಳಿಗೆ ಈ ಗಣಿತ ಬಾಯಿಪಾಠ. ನಮ್ಮ ಹುಡುಗನಿಗೆ ಗೊತ್ತಿರುವುದು ಹಸಿರು ಗುಂಡಿ, ಕೆಂಪು ಗುಂಡಿ. ಹೊಲದಲ್ಲಿ ಹಕ್ಕನ್ನು ಅಗ್ಗಕ್ಕೆ ಮಾರಿ, ಫೋನಿನಲ್ಲಿ ದುಬಾರಿಗೆ ಕೊಳ್ಳುವ ಮನೆ ಎಷ್ಟು ದಿನ ನಿಂತೀತು?

ಸೆಬಿ ವಾರದ ಆಪ್ಷನ್‌ಗಳಿಗೆ ಕಡಿವಾಣ ಹಾಕಿದ್ದು ಸರಿಯೇ. ಹೊಲದ ಕಡೆಗೆ ಯಾವ ಸೆಬಿಯೂ ಬರುವುದಿಲ್ಲ. ಅದಕ್ಕೆ ನಮ್ಮ ಸಹಕಾರ ಮಾರಾಟ ಸಂಘಗಳನ್ನೇ ಕೇಳುತ್ತಿದ್ದೇನೆ. ಹರಾಜಿನ ದರ ಬರೆಯುವ ಹಲಗೆಯ ಮೇಲೆ ಇನ್ನೊಂದು ಸಾಲು ಇರಲಿ: ಮೂರು ತಿಂಗಳ ವಾಯಿದೆಗೆ ಕ್ವಿಂಟಲಿಗೆ ನ್ಯಾಯವಾದ ಮುಂಗಡ ಎಷ್ಟು. ಜೊತೆಗೆ ವ್ಯಾಪಾರಿ ಬರದಿದ್ದರೆ ಮುಂಗಡ ವಾಪಸಿಲ್ಲ, ತೇವದ ನೆಪಕ್ಕೆ ದರ ಇಳಿಸುವಂತಿಲ್ಲ ಎಂಬ ಒಂದು ಪುಟದ ಕರಾರು. ಕಳೆದ ಕೆಲವು ವರ್ಷಗಳ ಹರಾಜು ಪುಸ್ತಕ ಸಂಘದ ಬೀರುವಿನಲ್ಲೇ ಇರುತ್ತದೆ; ದರ ಎಷ್ಟು ಓಲಾಡಿದೆ ಎಂದು ಅದರಿಂದ ತೆಗೆಯಬಹುದು. ಪ್ರತಿ ವಾರ ಲೆಕ್ಕ ಹಾಕಿಕೊಡಲು ಹನ್ನೊಂದನೇ ತರಗತಿಯ ಇಬ್ಬರು ಹುಡುಗಿಯರು ಸಾಕು. ಮೊದಲ ಹಂಗಾಮಿಗೆ ಅವರ ಜೊತೆ ಕೂರಲು ನಾನು ಸಿದ್ಧ.