ಮುಹೂರ್ತ ಅಲ್ಲಿ, ಆರತಕ್ಷತೆ ಇಲ್ಲಿ. ನಡುವೆ ಅತಿಥಿಯ ಗತಿಯೇನು?

ಇತ್ತೀಚಿನ ಲಗ್ನಪತ್ರಿಕೆಗಳಲ್ಲಿ ಒಂದು ವಿಚಿತ್ರವನ್ನು ಕಾಣುತ್ತಿದ್ದೇನೆ. ಬೆಳಿಗ್ಗೆ ಮೇಲುಕೋಟೆಯಲ್ಲಿ ಮುಹೂರ್ತ, ಅದೇ ಸಂಜೆ ಬೆಂಗಳೂರಿನಲ್ಲಿ ಆರತಕ್ಷತೆ. ನಡುವಿನ ಸುಮಾರು 130 ಕಿಲೋಮೀಟರುಗಳ ವಿಷಯವಾಗಿ ಒಂದಕ್ಷರವೂ ಇಲ್ಲ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚುಹಾಕಿಸುವವರು, ಆ ಪರಿವಾರ ಹೇಗೆ ಬರಬೇಕೆಂದು ಯೋಚಿಸುವುದು ಬೇಡವೇ?

‘ಈಗ ಎಲ್ಲರ ಬಳಿಯೂ ಕಾರಿದೆ, ಒಳ್ಳೆಯ ಹೆದ್ದಾರಿಯೂ ಇದೆ’ ಎಂಬುದು ಸಿದ್ಧ ಉತ್ತರ. ಕಾರಿಲ್ಲದವರು ಬಂಧುಗಳಲ್ಲವೇ? ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಮಂಡಿನೋವಿನ ಸೋದರತ್ತೆ ಊಟದೆಲೆಯಿಂದ ಎದ್ದು, ರೇಷ್ಮೆ ಸೀರೆಯಲ್ಲೇ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬರಬೇಕೇ? ಬಾರದಿದ್ದರೆ ‘ಅತ್ತೆ ಬರಲೇ ಇಲ್ಲ’ ಎಂಬ ಆಕ್ಷೇಪ ಬೇರೆ!

ಹಿಂದೆ ದಿಬ್ಬಣಕ್ಕೆ ಗಾಡಿ ಕಟ್ಟಿಸುವುದು, ಅನಂತರದ ದಿನಗಳಲ್ಲಿ ಬಸ್ಸು ಗೊತ್ತುಮಾಡುವುದು ಯಜಮಾನನ ಹೊಣೆಯಾಗಿತ್ತು. ಬಡವ ಬಲ್ಲಿದರೆಲ್ಲ ಒಂದೇ ವಾಹನದಲ್ಲಿ ಬರುತ್ತಿದ್ದರು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮಕ್ಕಳ ಮದುವೆ ಮಾಡುವ ವಯಸ್ಸಿನವರು. ಅವರಿಗೆ ನನ್ನ ಮಾತಿಷ್ಟು: ಎರಡು ಸಿಹಿತಿಂಡಿ ಕಡಿಮೆಯಾಗಲಿ, ಒಂದು ಬಸ್ಸು ಗೊತ್ತುಮಾಡಿ. ಅದು ಹೊರಡುವ ಸ್ಥಳ, ವೇಳೆ, ಹೊಣೆ ಹೊತ್ತವರ ಮೊಬೈಲ್ ಸಂಖ್ಯೆ ಪತ್ರಿಕೆಯಲ್ಲೇ ಇರಲಿ. ಬೆಂಗಳೂರಿನ ಸಂಜೆಯ ವಾಹನದಟ್ಟಣೆಗೆಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಂದವರು ಮುಖ ತೊಳೆದು ವಿಶ್ರಮಿಸಲು ಒಂದು ಕೋಣೆ, ರಾತ್ರಿ ಮರಳಲು ವಾಹನ ಇರಲಿ. ಇಷ್ಟು ಸಾಧ್ಯವಿಲ್ಲವಾದರೆ ಎರಡನ್ನೂ ಒಂದೇ ಛತ್ರದಲ್ಲಿ ನಡೆಸಿ. ಕರೆದವರಿಗೆ ಕರೆತರುವ ಹೊಣೆಯೂ ಉಂಟು.