ಇಂಪ್ಲಾಂಟ್‌ಗೆ ರೋಬೋ ಒಂದೇ ಸಾಲದು

ರೋಬೋ ಬಂದಮೇಲೆ ದಂತವೈದ್ಯರ ಕೈಚಳಕಕ್ಕೆ ಬೆಲೆಯಿಲ್ಲ, ಹಲ್ಲಿನ ಬೇರಿನ ಬದಲು ದವಡೆ ಮೂಳೆಗೆ ಕೂರಿಸುವ ಇಂಪ್ಲಾಂಟ್ ಸೋಲುವ ಭಯವೂ ಇಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕೊರೆಯುವ ಕೋನ, ಆಳಗಳ ನಿಖರತೆ ಹೆಚ್ಚುತ್ತದೆಂಬುದು ನಿಜ, ಉಳಿದದ್ದನ್ನು ಒಪ್ಪಲಾಗದು.

ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಕೊನೆಯಲ್ಲಿ ಅನುಮತಿ ಕೊಟ್ಟ ‘ಯೋಮಿ’ ಎಂಬ ಇಂಪ್ಲಾಂಟ್ ರೋಬೋವನ್ನೇ ನೋಡಿ. ಅದರಲ್ಲೂ ಡ್ರಿಲ್ ಹಿಡಿಯುವುದು ವೈದ್ಯರೇ. ಯೋಜಿಸಿದ ದಾರಿ ಬಿಟ್ಟು ಸರಿದರೆ ಯಂತ್ರದ ತೋಳು ತಡೆಯುತ್ತದೆ, ಅಷ್ಟೆ. 2017ರಲ್ಲಿ ಚೀನಾದ ಷಿಯಾನ್‌ನಲ್ಲಿ ರೋಬೋ ತಾನೇ ಎರಡು ಇಂಪ್ಲಾಂಟ್ ಕೂರಿಸಿತು, ಹೌದು. ಆದರೆ ಅಲ್ಲೂ ವೈದ್ಯಕೀಯ ಸಿಬ್ಬಂದಿ ಪಕ್ಕದಲ್ಲೇ ಇದ್ದರು.

ಯಂತ್ರ ನಂಬುವುದು ದವಡೆಯ ಮೂರು ಆಯಾಮದ ಎಕ್ಸ್-ರೇ ಚಿತ್ರವಾದ ಸಿಬಿಸಿಟಿ ಸ್ಕ್ಯಾನನ್ನು. ಸ್ಕ್ಯಾನ್ ವೇಳೆ ರೋಗಿ ಅಲುಗಾಡಿದ್ದರೆ, ಸ್ಥಾನ ಗುರುತಿಸಲು ಹಲ್ಲಿಗೆ ಕೂರಿಸಿದ ಟ್ರ್ಯಾಕರ್ ಜರುಗಿದ್ದರೆ, ತಪ್ಪು ಜಾಗವನ್ನೇ ಅದು ನಿಖರವಾಗಿ ಕೊರೆದೀತು. ಕೆಳದವಡೆಯ ನರದಿಂದ ಸಾಮಾನ್ಯವಾಗಿ 2 ಮಿ.ಮೀ. ಅಂತರ ಬಿಡಬೇಕೆನ್ನುವಾಗ ಇದು ಸಣ್ಣ ಮಾತಲ್ಲ. ಆ ತಪ್ಪನ್ನು ಹಿಡಿಯಬೇಕಾದದ್ದು ನುರಿತ ಕಣ್ಣು, ಕೈಗಳೇ.

ಇನ್ನು ಸೋಲಿನ ಭಯ. ಹತೋಟಿ ತಪ್ಪಿದ ಮಧುಮೇಹ, ಧೂಮಪಾನ, ಒಸಡಿನ ಸೋಂಕುಗಳಿಂದ ಮೂಳೆ ಕರಗುವುದನ್ನು ಯಾವ ರೋಬೋ ತಡೆದೀತು? ಆಧುನಿಕ ಇಂಪ್ಲಾಂಟಿನ ಪ್ರವರ್ತಕ, ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಕೂರಿಸಿದ ಟೈಟೇನಿಯಂ ಇಂಪ್ಲಾಂಟ್‌ಗಳು ನಾಲ್ಕು ದಶಕ ಬಾಳಿದವು. ಆಗ ಕಂಪ್ಯೂಟರ್ ಮಾರ್ಗದರ್ಶನವೇ ಇರಲಿಲ್ಲ. ಮೇಲಾಗಿ, ಯಂತ್ರದ ಖರ್ಚು ಕೊನೆಗೆ ಬೀಳುವುದು ರೋಗಿಯ ಬಿಲ್ಲಿನ ಮೇಲೆ. ಹಣ ಕಟ್ಟಿಸಿಕೊಳ್ಳುವ ಮುನ್ನ ಈ ಮಿತಿಗಳನ್ನೂ ಅವರಿಗೆ ಹೇಳಲೇಬೇಕು.